ವಾಟ್ಸಪ್ ಪರಿಚಯ ಹೊಲದ ಬದುವಿಗೆ ಬರಬೇಕಾದರೆ

ಹೊಸದುರ್ಗ ತಾಲೂಕಿನಲ್ಲಿ ನನ್ನದು ಆರೂವರೆ ಎಕರೆ ಕೆಂಪು ಮಣ್ಣು. ನೀರಾವರಿ ಇಲ್ಲ. 2009ರಲ್ಲಿ ಕೊರೆಸಿದ ಬೋರು ಎರಡೇ ವರ್ಷ ನೀರು ಕೊಟ್ಟು ನಿಂತಿತು. ಬೆಳೆಯುವುದು ಸಾವೆ, ನವಣೆ, ಹುರುಳಿ, ಅಕ್ಕಡಿಯಲ್ಲಿ ತೊಗರಿ, ಒಂದೆಕರೆ ಮೆಕ್ಕೆಜೋಳ. ಓದಿದ್ದು ಏಳನೇ ಕ್ಲಾಸು. ವಯಸ್ಸು ಐವತ್ತಾರು.

ಇಷ್ಟನ್ನೆಲ್ಲ ಮೊದಲೇ ಯಾಕೆ ಹೇಳಿದೆ ಅಂದ್ರೆ, ರೈತರ ವಾಟ್ಸಪ್ ಗುಂಪಿಗೆ ಸೇರಿದ ದಿನ ಹೀಗೇ ಪರಿಚಯ ಹೇಳಿಕೊಳ್ಳಬೇಕು ಅಂತ ನಾನು ಕಲಿತದ್ದು ಬಹಳ ತಡವಾಗಿ. 2017ರಲ್ಲಿ ಮಗ ತನ್ನ ಹಳೇ ಫೋನು ಕೊಟ್ಟು ಗುಂಪೊಂದಕ್ಕೆ ಸೇರಿಸಿದ. ನಾನು ಹಾಕಿದ ಮೊದಲ ಮಾತು ‘ಎಲ್ಲರಿಗೂ ನಮಸ್ಕಾರ, ನಾನು ಪ್ರಗತಿಪರ ರೈತ’. ಯಾರೂ ಕೇಳಲಿಲ್ಲ, ಯಾರೂ ಮಾತಾಡಿಸಲಿಲ್ಲ. ಪ್ರಗತಿಪರ ಅಂದ್ರೆ ಯಾರಿಗೆ ಏನು ಗೊತ್ತಾಗುತ್ತೆ? ಮಣ್ಣು ಯಾವುದು, ಮಳೆ ಎಷ್ಟು, ಬೆಳೆ ಏನು ಅಂತ ಹೇಳಿದ್ದಿದ್ರೆ ನನ್ನಂಥದೇ ಜಮೀನು ಇರುವ ನಾಲ್ಕು ಜನ ಅವತ್ತೇ ಸಿಗುತ್ತಿದ್ದರು. ಒಂದು ವರ್ಷ ಬರೀ ‘ಶುಭೋದಯ’ ನೋಡಿಕೊಂಡು ಕಳೆದೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಲಿಂಕ್ಡ್‌ಇನ್ ಅಂತ ಒಂದನ್ನು ನೋಡುತ್ತಿರುತ್ತಾನೆ. ಕಂಪನಿ ಕೆಲಸದವರು ಒಬ್ಬರನ್ನೊಬ್ಬರು ಗುರುತು ಮಾಡಿಕೊಳ್ಳುವ ಜಾಗವಂತೆ. ಅವನ ಹೆಸರಿನ ಕೆಳಗೆ 500ರ ಮುಂದೆ ಒಂದು ಕೂಡಿಸುವ ಗುರುತು ಇತ್ತು. ಐನೂರು ದಾಟಿದ ಮೇಲೆ ಎಣಿಕೆ ತೋರಿಸೋದಿಲ್ಲವಂತೆ. ‘ಇವರಲ್ಲಿ ನಿನಗೆ ಕಷ್ಟ ಬಂದರೆ ಫೋನು ಎತ್ತೋರು ಎಷ್ಟು ಜನ?’ ಅಂದೆ. ‘ನಿಮ್ಮ ಗುಂಪಿನಲ್ಲಿ ಎಷ್ಟು ಜನ ಅಪ್ಪಾ?’ ಅಂತ ತಿರುಗಿಸಿ ಕೇಳಿದ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಹೇಳಬಲ್ಲೆ: ಏಳು ಜನ. ಈ ಏಳು ಜನ ಹೇಗಾದರು ಅನ್ನೋದನ್ನು ಬರೆಯುತ್ತೇನೆ.

ಪ್ರಶ್ನೆ ಕೇಳುವ ಬಗೆ

2018ರ ಜುಲೈನಲ್ಲಿ ನಮ್ಮ ಮೆಕ್ಕೆಜೋಳದ ಎಲೆಯೆಲ್ಲ ತೂತು ಬಿತ್ತು. ದೂರದಿಂದ ಒಂದು ಫೋಟೋ ಹೊಡೆದು ‘ಇದಕ್ಕೆ ಯಾವ ಔಷಧಿ?’ ಅಂತ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಹದಿನಾಲ್ಕು ಉತ್ತರ. ಹದಿನಾಲ್ಕೂ ಬೇರೆ ಬೇರೆ ಔಷಧಿ! ಎಲ್ಲಾ ತಂದು ಹೊಡೆದಿದ್ದರೆ ಬೆಳೆಯ ಬೆಲೆಗಿಂತ ಔಷಧಿ ಬಿಲ್ಲೇ ಜಾಸ್ತಿ ಆಗುತ್ತಿತ್ತು.

ರಾತ್ರಿ ಹಾವೇರಿ ಜಿಲ್ಲೆಯ ಒಬ್ಬರು ಔಷಧಿ ಹೇಳದೆ ಪ್ರಶ್ನೆ ಕೇಳಿದರು. ‘ಬಿತ್ತಿ ಎಷ್ಟ್ ದಿನಾ ಆತ್ರಿ? ಸುಳಿ ಬಿಚ್ಚಿ ನೋಡೀರೇನು? ಹುಳದ ತಲಿದೊಂದು, ಬಾಲದ್ದೊಂದು ಫೋಟೋ ಹಾಕ್ರಿ.’ ಬೆಳಿಗ್ಗೆ ಸುಳಿ ಬಿಚ್ಚಿದೆ. ಒಳಗೆ ಹಿಕ್ಕೆ ಮಾಡಿಕೊಂಡು ಹುಳು ಕೂತಿತ್ತು. ತಲೆ ಮೇಲೆ ಇಂಗ್ಲಿಷಿನ ‘ವೈ’ ಅಕ್ಷರ ತಲೆಕೆಳಗಾದ ಹಾಗೆ ಬಿಳಿ ಗೆರೆ. ಬಾಲದ ಹತ್ತಿರ ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕೆ. ಅದು ಫಾಲ್ ಸೈನಿಕ ಹುಳು. ಆ ವರ್ಷದ ಮೇ ತಿಂಗಳಲ್ಲಷ್ಟೇ ಶಿವಮೊಗ್ಗದಲ್ಲಿ, ದೇಶಕ್ಕೇ ಮೊದಲ ಸಲ, ಕಂಡಿದ್ದ ಹುಳು. ಗುಂಪಿನ ಹದಿನಾಲ್ಕು ಜನ ಹೇಳಿದ್ದು ಹಳೇ ಕಾಂಡಕೊರಕನ ಔಷಧಿ. ಅವರದೇನೂ ತಪ್ಪಿಲ್ಲ, ನಾನು ತೋರಿಸಿದ್ದೇ ಅಷ್ಟು.

ಅಂದಿನಿಂದ ಪ್ರಶ್ನೆ ಕೇಳುವಾಗ ಇಷ್ಟು ಹೇಳುತ್ತೇನೆ: ಬಿತ್ತಿದ ತಾರೀಖು, ಕೊನೇ ಮಳೆ ಬಂದ ದಿನ, ಏನು ಗೊಬ್ಬರ ಹಾಕಿದೆ, ಏನು ಹೊಡೆದೆ, ಹೊಲದಲ್ಲಿ ಎಷ್ಟು ಭಾಗಕ್ಕೆ ಬಂದಿದೆ. ಫೋಟೋ ಮೂರು: ಹೊಲದ್ದು, ಗಿಡದ್ದು, ಹುಳು ಅಥವಾ ಎಲೆಯ ಹಿಂಭಾಗದ್ದು. ಬೆರಳಿಟ್ಟು ಹೊಡೆದರೆ ಹುಳುವಿನ ಗಾತ್ರ ತಿಳಿಯುತ್ತೆ. ಬರೆಯಲು ಬಾರದಿದ್ದರೆ ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸಿದರೂ ಸರಿ. ನನ್ನ ಬೆರಳು ದಪ್ಪ, ಆ ಸಣ್ಣ ಅಕ್ಷರ ಒತ್ತಲು ಇವತ್ತಿಗೂ ಆಗುವುದಿಲ್ಲ. ಮಾತಿನಲ್ಲೇ ಕಳಿಸುತ್ತೇನೆ.

ಹಾವೇರಿಯವರು ‘ಸಣ್ಣ ಬೆಳಿ ಐತಿ, ಸುಳಿಯೊಳಗ ಒಣ ಉಸುಕು ಉದುರಸ್ರಿ’ ಅಂದರು. ನಾನೂ ನಮ್ಮ ಮನೆಯಾಕೆಯೂ ಮೂರು ದಿನ ಸಾಲು ಹಿಡಿದು ಹಾಕಿದೆವು. ಹತ್ತು ದಿನದ ಮೇಲೆ ಐವತ್ತು ಗಿಡ ಬಿಚ್ಚಿ ಎಣಿಸಿ, ಎಷ್ಟರಲ್ಲಿ ಹುಳು ಸತ್ತಿದೆ, ಎಷ್ಟರಲ್ಲಿ ಇನ್ನೂ ಇದೆ ಅಂತ ಗುಂಪಿಗೆ ತಿಳಿಸಿದೆ. ದೊಡ್ಡ ಹುಳು ಇದ್ದ ಕಡೆ ಅಷ್ಟಾಗಿ ಗುಣ ಕಾಣಲಿಲ್ಲ ಅಂತಲೂ ಹೇಳಿದೆ.

ಇದಕ್ಕೆ ಅವರು ಫೋನು ಮಾಡಿದರು. ‘ನಾ ಎಷ್ಟೋ ಮಂದಿಗೆ ಹೇಳೇನ್ರಿ. ಮುಂದ ಏನಾತು ಅಂತ ತಿರುಗಿ ಹೇಳಿದವರು ನೀವೊಬ್ಬರ’ ಅಂದರು. ನನಗೆ ಇದು ದೊಡ್ಡ ಪಾಠ. ಸಲಹೆ ತಗೊಂಡು ಸುಮ್ಮನಾಗುವುದು ಕೈಸಾಲ ತಗೊಂಡು ಊರು ಬಿಟ್ಟ ಹಾಗೆ. ಒಳ್ಳೇದಾಗಲಿ ಕೆಟ್ಟದ್ದಾಗಲಿ, ಫಲ ಏನಾಯಿತು ಅಂತ ಹೇಳಿದವನ ಹೆಸರು ನೆನಪಿನಲ್ಲಿ ಉಳಿಯುತ್ತೆ. ನನ್ನ ಏಳು ಜನದಲ್ಲಿ ಐದು ಜನ ಬಂದದ್ದು ಹೀಗೆ.

ಒಂದು ಮೂಲೆಯ ಫೋಟೋ

ಈಗ ನನ್ನ ಮರ್ಯಾದೆ ಹೋದ ಕಥೆ. ಅದೇ 2018ರಲ್ಲಿ ನಮ್ಮ ಕಡೆ ಬರ. ಸಾವೆ ಹೊಲದಲ್ಲಿ ಮುಕ್ಕಾಲು ಪಾಲು ಗೇಣುದ್ದ ಬೆಳೆದು ನಿಂತಿತ್ತು. ಹಳ್ಳದ ಪಕ್ಕದ ಒಂದು ಮೂಲೆಯಲ್ಲಿ ಮಾತ್ರ ಗೋಡು ನಿಂತು ತೆನೆ ಬಾಗಿತ್ತು. ಆ ಮೂಲೆಗೆ ಹೋಗಿ, ಮೊಣಕಾಲೂರಿ, ತೆನೆ ಮುಂದೆ ಮಾಡಿ ಫೋಟೋ ಹೊಡೆದು ‘ನಮ್ಮ ಈ ವರ್ಷದ ಸಾವೆ’ ಅಂತ ಹಾಕಿದೆ. ನೂರಾರು ಜನ ಹೆಬ್ಬೆರಳು ಎತ್ತಿದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸೆಪ್ಟೆಂಬರ್ ಕೊನೆಗೆ ಹಾವೇರಿಯವರು ಮೂರು ಬಸ್ಸು ಬದಲಿಸಿ ನಮ್ಮೂರಿಗೆ ಬಂದೇಬಿಟ್ಟರು. ಬೆಳೆ ನೋಡಿ ಬೀಜ ತಗೊಂಡು ಹೋಗಲು. ಮನೆಯಲ್ಲಿ ರೊಟ್ಟಿ ತಿಂದು ಹೊಲಕ್ಕೆ ಹೋದೆವು. ಬದುವಿನ ಮೇಲೆ ನಿಂತು ಸುಮಾರು ಹೊತ್ತು ನೋಡಿ, ‘ಅಣ್ಣಾರ, ಫೋಟೋದಾಗಿನ ಸಾವಿ ಎಲ್ಲೈತ್ರಿ?’ ಅಂದರು. ನಾನು ಬಾಯಿ ಬಿಡದೆ ಆ ಮೂಲೆಗೆ ಕರೆದುಕೊಂಡು ಹೋದೆ. ಅವರು ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ‘ಒಣಗಿದ್ದೂ ಹಾಕಬೇಕಿತ್ತಲ್ರಿ. ಈ ಮಳಿಯೊಳಗ ಇಷ್ಟರ ನಿಂತೈತಿ ಅನ್ನೋದ ನನಗ ಬೇಕಾಗಿದ್ದು’ ಅಂದರು.

ನೋಡಿ, ಒಣಭೂಮಿಯವನಿಗೆ ಬೇಕಾದದ್ದು ಅದೇ. ಚೆನ್ನಾಗಿ ಬಂದ ಬೆಳೆ ಯಾರು ಬೇಕಾದರೂ ತೋರಿಸುತ್ತಾರೆ. ಮಳೆ ಕೈಕೊಟ್ಟಾಗ ಯಾವ ತಳಿ ಎಷ್ಟು ತಡೆಯಿತು, ಯಾವ ಬಿತ್ತನೆ ಹಾಳಾಯಿತು ಅಂತ ಹೇಳುವವರು ಕಮ್ಮಿ. ಅಂದಿನಿಂದ ಹೊಲದ ನಡುವೆ ನಿಂತು ನಾಲ್ಕು ದಿಕ್ಕಿಗೂ ತಿರುಗಿ ಫೋಟೋ ಹೊಡೆಯುತ್ತೇನೆ. ಹೆಬ್ಬೆರಳು ಕಮ್ಮಿಯಾದವು, ಫೋನು ಜಾಸ್ತಿಯಾದವು. ನವಣೆ ಮುಗ್ಗು ಹಿಡಿದದ್ದನ್ನು ಹಾಕಿದ ವರ್ಷ ಚಳ್ಳಕೆರೆ ಕಡೆಯ ಇಬ್ಬರು ಪರಿಚಯವಾದರು, ಅವರಿಗೂ ಅದೇ ಆಗಿತ್ತು.

ಅವರು ಹೊರಡುವಾಗ ಆ ಮೂಲೆಯ ಐದು ಕೆ.ಜಿ. ಸಾವೆ ಬೀಜ ಕೊಟ್ಟೆ. ದುಡ್ಡು ಬೇಡವೆಂದೆ. ಬೀಜ ಇಡುವುದು ಹೇಗೆ ಅಂತ ಅವರ ಮನೆಯವರು ಆಮೇಲೆ ಕೇಳಿ ಕಳಿಸಿದರು. ನನಗೆ ಸರಿಯಾಗಿ ಗೊತ್ತಿರಲಿಲ್ಲ. ಬೀಜದ ಕೆಲಸ ಎಲ್ಲಾ ನಮ್ಮ ಮನೆಯಾಕೆಯದು. ಬೂದಿ ಎಷ್ಟು, ಬೇವಿನ ಎಲೆ ಯಾವಾಗ, ಬಿಸಿಲಿಗೆ ಎಷ್ಟು ಸಲ ಹಾಕಬೇಕು ಅಂತ ಅವಳೇ ಮಾತಾಡಿ ಕಳಿಸಿದಳು. ಅಷ್ಟು ದೊಡ್ಡ ಗುಂಪಿನಲ್ಲಿ ನಾನು ಕೇಳಿದ ಮೊದಲ ಹೆಂಗಸಿನ ದನಿ ಅದು. ರೈತರ ಗುಂಪು ಅಂತ ಹೆಸರು, ಗಂಡಸರ ನಂಬರು ಮಾತ್ರ ಯಾಕೆ ಇರಬೇಕೋ ನನಗಂತೂ ಅರ್ಥವಾಗಿಲ್ಲ.

ದುಡ್ಡಿನ ವ್ಯವಹಾರ

ಎಲ್ಲರೂ ಹಾವೇರಿಯವರ ಹಾಗೆ ಇರುವುದಿಲ್ಲ. 2021ರಲ್ಲಿ ಗುಂಪಿನಲ್ಲಿ ಬಹಳ ಚೆನ್ನಾಗಿ ಮಾತಾಡುತ್ತಿದ್ದ ಒಬ್ಬರು ನನ್ನ ನವಣೆ ಕೊಳ್ಳುತ್ತೇನೆಂದರು. ಮೂರು ಕ್ವಿಂಟಾಲ್, 2,800ರಂತೆ. 2,000 ಮುಂಗಡ ಬಂತು, ಮಾಲು ಲಾರಿಗೆ ಹೋಯಿತು. ಉಳಿದ 6,400 ಇವತ್ತಿಗೂ ಬಂದಿಲ್ಲ. ನಂಬರು ಬದಲಾಗಿತ್ತು, ಗುಂಪಿನಿಂದಲೂ ಹೋಗಿದ್ದರು. ಅವರ ಊರು ಯಾವುದೆಂದು ನಾನು ಕೇಳಿಯೇ ಇರಲಿಲ್ಲ! ಆ ವರ್ಷ ಹಬ್ಬಕ್ಕೆ ಬಟ್ಟೆ ತರಲಿಲ್ಲ. ಮನೆಯಾಕೆ ಒಂದು ಮಾತೂ ಆಡಲಿಲ್ಲ, ಫೋನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದಳು ಅಷ್ಟೆ.

ಈಗ ಹೊಸಬರು ಮಾಲು ಕೇಳಿದರೆ ಮೊದಲು ಒಂದು ಮಾತು: ‘ನೀವು ಮೊದಲು ಯಾರ ಹತ್ತಿರ ಕೊಂಡಿದ್ದೀರಿ? ಅವರ ನಂಬರು ಕೊಡಿ.’ ಆ ರೈತನಿಗೆ ನಾನೇ ಫೋನು ಮಾಡುತ್ತೇನೆ. ಮೊದಲ ಸಲ ಹೋದರೂ ಹೋಗಲಿ ಅನ್ನುವಷ್ಟೇ ಮಾಲು, ಇಪ್ಪತ್ತೈದೋ ಐವತ್ತೋ ಕೆ.ಜಿ. ಇನ್ನೊಂದು, ನಮಗೆ ದುಡ್ಡು ಬರುವುದಕ್ಕೆ ನಾವು ಪಿನ್ ಒತ್ತಬೇಕಾಗಿಲ್ಲ, ಅವರು ಕಳಿಸಿದ ಚೌಕದ ಚಿತ್ರ ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ‘ದುಡ್ಡು ಹಾಕುತ್ತೇನೆ, ಪಿನ್ ಒತ್ತಿ’ ಅಂದವರು ಕಿತ್ತುಕೊಳ್ಳುವವರು. ಹಾಗೇನಾದರೂ ಆದರೆ ತಡಮಾಡದೆ 1930 ನಂಬರಿಗೆ ಹೇಳಬೇಕು, ಸೈಬರ್ ಮೋಸದ ದೂರಿಗೆ ಇರುವ ನಂಬರು ಅದು.

ಗುಂಪು ದೊಡ್ಡದಾದಷ್ಟೂ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಮೊದಲು ಒಂದು ಗುಂಪಿಗೆ 256 ಜನ ಮಾತ್ರ ಹಿಡಿಸುತ್ತಿದ್ದರು. 2022ರಲ್ಲಿ 512 ಆಗಿ, ಅದೇ ವರ್ಷ 1,024 ಆಯಿತು. ನಮ್ಮ ಗುಂಪೂ ತುಂಬಿತು. ಸಂತೆಯಾಯಿತು. ಯಾರೋ ಕಳಿಸಿದ್ದನ್ನು ಇನ್ಯಾರೋ ದಾಟಿಸುವುದೇ ಹೆಚ್ಚು. ಹೀಗೆ ದಾಟಿ ಬಂದದ್ದಕ್ಕೆ 2018ರಿಂದ ಮೇಲೆ ಬಾಣದ ಗುರುತು ಬರುತ್ತದೆ, ಬಹಳ ಕೈ ದಾಟಿದ್ದಾದರೆ ಎರಡು ಬಾಣ. ಎರಡು ಬಾಣ ಇರುವ ಬೇಸಾಯದ ಸಲಹೆಯನ್ನು ನಾನು ಹೊಲಕ್ಕೆ ಒಯ್ಯುವುದಿಲ್ಲ. ಹೇಳಿದವನ ಹೊಲ ಎಲ್ಲಿದೆ ಅಂತ ಕೇಳೋಣವೆಂದರೆ ಅದಕ್ಕೆ ಯಜಮಾನನೇ ಇರುವುದಿಲ್ಲ. ಕೆಂಪು ಮಣ್ಣಿನ ನಾವು ಇಪ್ಪತ್ತು ಜನ ಬೇರೆ ಸಣ್ಣ ಗುಂಪು ಮಾಡಿಕೊಂಡೆವು. ವರ್ಷಕ್ಕೊಮ್ಮೆ ಒಬ್ಬರ ಹೊಲದಲ್ಲಿ ಸೇರುತ್ತೇವೆ, ಬುತ್ತಿ ಅವರವರದೇ. ಸೇರದೇ ಇದ್ದ ವರ್ಷ ಗುಂಪಿನಲ್ಲಿ ಮಾತೂ ಕಮ್ಮಿ. ನಾಲ್ಕು ವರ್ಷದ ಅನುಭವ ಇದು.

ಎಂಟು ಕೆ.ಜಿ. ಬೀಜ

2023ರ ಬರ ಯಾರಿಗೂ ಮರೆತಿಲ್ಲ. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತ ಎಂದರು. ಆ ಆಗಸ್ಟಿನಷ್ಟು ಕಮ್ಮಿ ಮಳೆಯ ಆಗಸ್ಟ್ ದೇಶದಲ್ಲಿ 1901ರಿಂದೀಚೆ ಇರಲಿಲ್ಲವಂತೆ. ಹೂ ಬರುವ ಹೊತ್ತಿಗೆ ನಮ್ಮ ಸಾವೆ ಸುಟ್ಟು ಹೋಯಿತು. ಕೊಯ್ದು ದನಕ್ಕೆ ಹಾಕಿದೆವು. ಮನೆಯಲ್ಲಿದ್ದ ಹಳೇ ಬೀಜವನ್ನು ಎರಡನೇ ಬಿತ್ತನೆಗೆ ಹಾಕಿ ಅದನ್ನೂ ಕಳೆದುಕೊಂಡಿದ್ದೆ. ಅಪ್ಪನ ಕಾಲದಿಂದ ಬಂದ ಬೀಜ. ಮನೆಯಾಕೆ ಖಾಲಿ ಮಡಕೆ ತೊಳೆದು ಬೋರಲು ಹಾಕಿದ ದಿನ ನನಗೆ ಊಟ ಸೇರಲಿಲ್ಲ.

2024ರ ಮೇ ತಿಂಗಳಲ್ಲಿ ಸಣ್ಣ ಗುಂಪಿಗೆ ಮಾತಾಡಿ ಕಳಿಸಿದೆ: ‘ನಮ್ಮ ಮನೇಲಿ ಸಾವೆ ಬೀಜ ಇಲ್ಲ. ತಪ್ಪು ನನ್ನದೇ, ಒಂದು ಸೇರಾದರೂ ಎತ್ತಿಡಬೇಕಿತ್ತು.’ ಹೇಳಲು ನಾಚಿಕೆಯಾಯಿತು. ಬೀಜ ಕೊಡುತ್ತಿದ್ದವನು ಬೀಜ ಕೇಳುವ ಹಾಗಾಯಿತಲ್ಲ ಅಂತ. ಐದು ನಿಮಿಷಕ್ಕೆ ಹಾವೇರಿಯಿಂದ ಫೋನು. ‘ನಿಮ್ಮ ಬೀಜ ನಮ್ಮನ್ಯಾಗ ಐತ್ರಿ ಅಣ್ಣಾರ.’ ಅವರು ಎರಡು ವರ್ಷದ ಬೀಜ ಹಿಡಿದಿಡುವ ಮನುಷ್ಯ. 2022ರ ಬೆಳೆಯದು, ನಮ್ಮ ಮನೆಯಾಕೆ ಹೇಳಿಕೊಟ್ಟ ಹಾಗೇ ಬೂದಿ ಬೆರೆಸಿ ಇಟ್ಟದ್ದು.

ಮೂರನೇ ದಿನ ಹೊಸದುರ್ಗ ಬಸ್ ಸ್ಟ್ಯಾಂಡಿಗೆ ಎಂಟು ಕೆ.ಜಿ. ಬಂತು, ಎರಡೆಕರೆಗೆ ಸಾಲುವಷ್ಟು. ಹಳೇ ಸೀರೆಯ ಬಟ್ಟೆಯಲ್ಲಿ ಹೊಲಿದ ಚೀಲ. ಮನೆಯಾಕೆ ಬಿಚ್ಚಿ, ಅಂಗೈಗೆ ಹಾಕಿಕೊಂಡು, ಊದಿ ನೋಡಿ, ‘ನಮ್ಮದೇ’ ಅಂದಳು. ಬಿತ್ತುವ ಮುಂಚೆ ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆವು. ಎಂಬತ್ತೆರಡು ಮೊಳೆತವು.

ಬಿತ್ತಿದ ಮೇಲೆ ದಿನಾ ಒಂದು ಫೋನು. ‘ಹುಟ್ಟೇತೇನ್ರಿ?’ ಹನ್ನೆರಡನೇ ದಿನ ಹೊಲದ ನಡುವೆ ನಿಂತು ನಾಲ್ಕು ದಿಕ್ಕಿನ ಫೋಟೋ ಕಳಿಸಿದೆ. ಪಡುವಣ ಬದುವಿನ ಹತ್ತಿರ ನಾಲ್ಕು ಸಾಲು ಹುಟ್ಟಿರಲಿಲ್ಲ, ಅಲ್ಲಿ ಕೂರಿಗೆಯ ತಾಳು ಕಟ್ಟಿಕೊಂಡಿತ್ತು. ಅದರದ್ದೂ ಒಂದು ಹಾಕಿದೆ.