ಮೊದಲ ಶನಿವಾರದ ಲೆಕ್ಕಾಚಾರ: ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳ ವಾದ



ಆಗಸ್ಟ್ ಕೊನೆಯ ವಾರ ಅಮೆರಿಕದಲ್ಲಿ ಓದುತ್ತಿರುವ ಅಕ್ಕನ ಮಗನಿಗೊಂದು ಫೋನ್ ಮಾಡಿ ನೋಡಿ. ಊಟ ಆಯಿತಾ, ಚಳಿ ಶುರುವಾಯಿತಾ ಎಂದು ಕೇಳಿ ಮುಗಿಸುವಷ್ಟರಲ್ಲಿ ಅವನು, "ಮಾಮಾ, ಶನಿವಾರ ನಮ್ಮ ಮೊದಲ ಗೇಮ್!" ಎಂದು ಶುರು ಮಾಡುತ್ತಾನೆ. ಆಡುವವನು ಅವನಲ್ಲ, ಅವನ ಗೆಳೆಯರೂ ಅಲ್ಲ. ಆದರೂ ಅದು "ನಮ್ಮ" ಗೇಮ್. ಈ ಸಲ ನಾವು ಗೆಲ್ಲುತ್ತೇವಾ, ಎಷ್ಟರ ಅಂತರದಲ್ಲಿ, ಕೋಚ್ ಉಳಿಯುತ್ತಾನಾ ಎಂದು ಅರ್ಧ ಗಂಟೆ ಮಾತು. ನೀವು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಕುಳಿತು ಹ್ಞೂಂಗುಟ್ಟುತ್ತೀರಿ, ಅರ್ಥವಾಗುವುದು ಅಷ್ಟಕ್ಕಷ್ಟೆ. ಈ ಸಲದ ಸಂಚಿಕೆಯಲ್ಲಿ ಆ ಅರ್ಧ ಗಂಟೆಯ ಮಾತನ್ನು ಬಿಡಿಸಿ ನೋಡೋಣ.

ಇದು ಯಾವ ಫುಟ್‌ಬಾಲ್?

ಹೆಸರು ಫುಟ್‌ಬಾಲ್, ಚೆಂಡು ಇರುವುದು ಮಾತ್ರ ಹೆಚ್ಚಾಗಿ ಕೈಯಲ್ಲಿ. ನೂರು ಗಜದ ಮೈದಾನ, ಒಂದೊಂದು ಕಡೆ 11 ಜನ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ, ಇಲ್ಲವಾದರೆ ಚೆಂಡು ಎದುರಾಳಿಗೆ. ಎದುರು ತುದಿಯ ಗೆರೆ ದಾಟಿಸಿದರೆ ಟಚ್‌ಡೌನ್, ಅದಕ್ಕೆ 6 ಅಂಕ. ಆಮೇಲೆ ಚೆಂಡನ್ನು ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಒದೆಯುವ ಬದಲು ಮತ್ತೊಮ್ಮೆ ಗೆರೆ ದಾಟಿಸುವ ಧೈರ್ಯ ಮಾಡಿದರೆ ಎರಡು. ಗೆರೆ ದಾಟಲಾಗದೆ ದೂರದಿಂದಲೇ ಕಂಬದ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಕಾಲೇಜು ಹುಡುಗರ ಆಟವೆಂದು ಹಗುರವಾಗಿ ನೋಡಬೇಡಿ. ಆ್ಯನ್ ಆರ್ಬರ್ ಊರಿನ ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರುತ್ತಾರೆ. ನಮ್ಮ ವಾಂಖೆಡೆಯಂಥವು ಮೂರು ಸೇರಿದರೆ ಆದಷ್ಟು! ಅಲಬಾಮದಂಥ ರಾಜ್ಯಗಳಲ್ಲಿ ಎನ್‌ಎಫ್‌ಎಲ್‌ನ ವೃತ್ತಿಪರ ತಂಡವೇ ಇಲ್ಲ. ಅಲ್ಲಿ ಕಾಲೇಜಿನ ತಂಡವೇ ಊರಿನ ತಂಡ, ತಾತನಿಂದ ಮೊಮ್ಮಗನಿಗೆ ಬರುವ ಆಸ್ತಿ.

ಮೊದಲ ಪಂದ್ಯಕ್ಕೇ ಏಕೆ ಇಷ್ಟು ಬಿಸಿ?

ಕಾರಣ ಸರಳ. ಮಾಮೂಲಿ ಋತುವಿನಲ್ಲಿ ಒಂದು ತಂಡಕ್ಕೆ ಸಿಗುವುದು 12 ಪಂದ್ಯ ಮಾತ್ರ. ವೃತ್ತಿಪರ ತಂಡಗಳಿಗಿರುವಂತೆ ಋತುವಿಗೆ ಮುಂಚೆ ಅಭ್ಯಾಸ ಪಂದ್ಯಗಳ ಸಾಲು ಇಲ್ಲ. ಜನವರಿಯಲ್ಲಿ ಮುಗಿದ ಆಟ ಮತ್ತೆ ಶುರುವಾಗುವುದು ಆಗಸ್ಟ್ ಕೊನೆಗೆ. ನಡುವಿನ ಏಳೆಂಟು ತಿಂಗಳಲ್ಲಿ ಹಿರಿಯ ವಿದ್ಯಾರ್ಥಿಗಳು ಓದು ಮುಗಿಸಿ ಹೊರಟಿರುತ್ತಾರೆ, ಹೊಸ ಹುಡುಗರು ಬಂದಿರುತ್ತಾರೆ. ಹೋದ ವರ್ಷದ ತಂಡದ ಹೆಸರು, ಅಂಗಿಯ ಬಣ್ಣ ಅದೇ, ಒಳಗಿರುವವರು ಬೇರೆ. ಯಾರಿಗೂ ಏನೂ ಗೊತ್ತಿಲ್ಲದಾಗಲೇ ಅಲ್ಲವೇ ವಾದ ಜೋರಾಗುವುದು?

ಇನ್ನೊಂದು ಕಾರಣ, ಸೋಲಿನ ಬೆಲೆ. ಐಪಿಎಲ್‌ನಲ್ಲಿ 14 ಪಂದ್ಯಗಳಲ್ಲಿ ಐದಾರು ಸೋತರೂ ಪ್ಲೇಆಫ್ ಆಸೆ ಉಳಿಯುತ್ತದೆ. ಮೊದಲ ಪಂದ್ಯ ಸೋತ ಆರ್‌ಸಿಬಿ ಅಭಿಮಾನಿ "ಇನ್ನೂ ಹದಿಮೂರಿದೆ ಬಿಡಿ" ಎನ್ನಬಹುದು. ಇಲ್ಲಿ ಹಾಗಿರಲಿಲ್ಲ. 1998ರಿಂದ 2013ರ ಋತುವಿನವರೆಗೆ ಚಾಂಪಿಯನ್ ಪಟ್ಟಕ್ಕೆ ಸೆಣಸುವ ಅವಕಾಶ ಇಡೀ ದೇಶದಲ್ಲಿ ಎರಡೇ ತಂಡಗಳಿಗೆ. 2014ರಿಂದ 2023ರವರೆಗೆ ನಾಲ್ಕಕ್ಕೆ. ಮೊದಲ ಶನಿವಾರ ಎಡವಿದರೆ ಇಡೀ ವರ್ಷದ ಕನಸು ಅಂದೇ ಅರ್ಧ ಕರಗುತ್ತಿತ್ತು. 2024ರಲ್ಲಿ ಪ್ಲೇಆಫ್ 12 ತಂಡಗಳಿಗೆ ವಿಸ್ತಾರವಾದ ಮೇಲೆ ಸ್ವಲ್ಪ ಉಸಿರಾಡಲು ಜಾಗ ಸಿಕ್ಕಿದೆ.

ಈ ಮೊದಲ ವಾರ ಅಲ್ಲಿನ ಕನ್ನಡಿಗರಿಗೂ ಪರಿಚಿತವೇ. ಸೆಪ್ಟೆಂಬರ್ ಮೊದಲ ಸೋಮವಾರ ಲೇಬರ್ ಡೇ ರಜೆ. ಅಕ್ಕ ವಿಶ್ವ ಕನ್ನಡ ಸಮ್ಮೇಳನಗಳು ಎಷ್ಟೋ ಸಲ ನಡೆದಿರುವುದು ಇದೇ ವಾರಾಂತ್ಯದಲ್ಲಿ. 2008ರ ಶಿಕಾಗೋ ಸಮ್ಮೇಳನವೂ ಹಾಗೇ. ಅಪ್ಪ ಅಮ್ಮ ಒಳಗೆ ಸುಗಮ ಸಂಗೀತ ಕೇಳುವಾಗ ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಮನಸ್ಸು ಎಲ್ಲಿರುತ್ತದೆ ಎಂದು ಬೇರೆ ಹೇಳಬೇಕೆ?

ಅವರು ಹಾಕುವ ಐದು ಲೆಕ್ಕ

ವಾದ ಎಷ್ಟೇ ಉದ್ದವಾಗಲಿ, ಸುತ್ತುವುದು ಐದು ಪ್ರಶ್ನೆಗಳ ಸುತ್ತ.

ಒಂದು, ಹೋದ ವರ್ಷ ಆಡಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ? ಹಿಂದೆ ಇದು ಸುಲಭದ ಎಣಿಕೆ. 2021ರಿಂದ ಆಟಗಾರರು ಕಾಲೇಜು ಬದಲಿಸಿದರೂ ಒಂದು ವರ್ಷ ಸುಮ್ಮನೆ ಕೂರಬೇಕಾಗಿಲ್ಲ. ಅದೇ ವರ್ಷದಿಂದ ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಲೂ ಅನುಮತಿ ಸಿಕ್ಕಿತು. ಹೀಗಾಗಿ ಈಗ ಹೋದವರಷ್ಟೇ ಬಂದವರನ್ನೂ ಎಣಿಸಬೇಕು.

ಎರಡು, ಕ್ವಾರ್ಟರ್‌ಬ್ಯಾಕ್ ಯಾರು? ಪ್ರತಿ ಯತ್ನದಲ್ಲೂ ಚೆಂಡು ಮೊದಲು ಇವನ ಕೈಗೆ. ಎಸೆಯಬೇಕೋ, ಪಕ್ಕದವನಿಗೆ ಕೊಡಬೇಕೋ, ತಾನೇ ಓಡಬೇಕೋ ಎಂದು ಮೂರು ಸೆಕೆಂಡಿನಲ್ಲಿ ತೀರ್ಮಾನಿಸಬೇಕು. ಅನುಭವವಿಲ್ಲದ ಹುಡುಗನಾದರೆ ಮೊದಲ ಪಂದ್ಯದಲ್ಲಿ ಕೈ ನಡುಗುತ್ತದೆ.

ಮೂರು, ಮುಂದಿನ ಸಾಲಿನ ದಢೂತಿ ಆಟಗಾರರು ಹೇಗಿದ್ದಾರೆ? ಟಿವಿಯಲ್ಲಿ ಇವರ ಮುಖ ಕಾಣುವುದು ಕಡಿಮೆ. ಆದರೆ ಕ್ವಾರ್ಟರ್‌ಬ್ಯಾಕಿಗೆ ಆ ಮೂರು ಸೆಕೆಂಡು ದೊರಕಿಸಿಕೊಡುವವರು ಇವರೇ. ಹಳೆಯ ಅಭಿಮಾನಿಗಳು ಮೊದಲು ವಿಚಾರಿಸುವುದು ಇವರನ್ನೇ.

ನಾಲ್ಕು, ಎದುರಾಳಿ ಯಾರು? ದೊಡ್ಡ ಕಾಲೇಜುಗಳು ಎಷ್ಟೋ ಸಲ ಹಣ ಕೊಟ್ಟು ಸಣ್ಣ ಕಾಲೇಜನ್ನು ತಮ್ಮ ಮೈದಾನಕ್ಕೆ ಕರೆಸುತ್ತವೆ. ದೊಡ್ಡವರಿಗೆ ಸುಲಭದ ಗೆಲುವು, ಸಣ್ಣವರಿಗೆ ಕ್ರೀಡಾ ವಿಭಾಗ ನಡೆಸಲು ದುಡ್ಡು. ಇದು ಎರಡೂ ಕಡೆಯವರು ಬಲ್ಲ ವ್ಯಾಪಾರ.

ಐದು, ಆಟ ಎಲ್ಲಿ? ಸ್ವಂತ ಮೈದಾನದಲ್ಲಿ ಲಕ್ಷ ಜನ ಕೂಗುವಾಗ ಎದುರು ತಂಡಕ್ಕೆ ತಮ್ಮವರ ಸೂಚನೆಯೇ ಕೇಳಿಸುವುದಿಲ್ಲ.

ಈ ಐದೂ ಲೆಕ್ಕ ಸರಿಬಂದರೆ ಗೆಲುವು ಖಂಡಿತವೇ? ಇದಕ್ಕೆ ಉತ್ತರವಾಗಿ ಅಮೆರಿಕದಲ್ಲಿ ಇಂದಿಗೂ ಒಂದೇ ಒಂದು ದಿನದ ಹೆಸರು ಹೇಳುತ್ತಾರೆ.

2007ರ ಸೆಪ್ಟೆಂಬರ್ 1

ಅಂದು ಮಿಷಿಗನ್ ತಂಡ ಅಸೋಸಿಯೇಟೆಡ್ ಪ್ರೆಸ್ ಪಟ್ಟಿಯಲ್ಲಿ ದೇಶಕ್ಕೇ 5ನೆಯದು. ಕ್ವಾರ್ಟರ್‌ಬ್ಯಾಕ್ ಚಾಡ್ ಹೆನಿ, ಓಟಗಾರ ಮೈಕ್ ಹಾರ್ಟ್, ಮುಂದಿನ ಸಾಲಿನ ಜೇಕ್ ಲಾಂಗ್ ಮೂವರೂ ಕೊನೆಯ ವರ್ಷದ ಅನುಭವಿಗಳು. ಸ್ವಂತ ಮೈದಾನ, 1,09,000ಕ್ಕೂ ಮೀರಿದ ಜನ. ಎದುರಿಗೆ ನಾರ್ತ್ ಕೆರೊಲಿನಾದ ಬೆಟ್ಟಗಳ ನಡುವಿನ ಬೂನ್ ಎಂಬ ಪುಟ್ಟ ಊರಿನ ಅಪಲಾಚಿಯನ್ ಸ್ಟೇಟ್. ಅದು ಎರಡನೇ ದರ್ಜೆಯ ತಂಡ. ದೊಡ್ಡ ದರ್ಜೆಯ ತಂಡಗಳು 85 ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬಹುದಾಗಿದ್ದರೆ ಇವರಿಗೆ 63ರ ಮಿತಿ. ಬಂದು ಆಡಿದ್ದಕ್ಕೆ ಕೊಟ್ಟ ಹಣ 4 ಲಕ್ಷ ಡಾಲರ್. ಆ್ಯನ್ ಆರ್ಬರಿನ ಅಭಿಮಾನಿಗಳ ವಾದ ಗೆಲ್ಲುತ್ತೇವೋ ಇಲ್ಲವೋ ಎಂಬುದರ ಮೇಲಿರಲೇ ಇಲ್ಲ. ಎಷ್ಟರಿಂದ ಎಂಬುದಷ್ಟೇ ಪ್ರಶ್ನೆ.

ವಿರಾಮದ ಹೊತ್ತಿಗೆ ಅಪಲಾಚಿಯನ್ ಸ್ಟೇಟ್ 28, ಮಿಷಿಗನ್ 17! ಕ್ವಾರ್ಟರ್‌ಬ್ಯಾಕ್ ಅರ್ಮಾಂಟಿ ಎಡ್ವರ್ಡ್ಸ್ ಮೂರು ಟಚ್‌ಡೌನಿಗೆ ಚೆಂಡು ಎಸೆದು, ಒಂದನ್ನು ತಾನೇ ಓಡಿ ಗಳಿಸಿದ್ದ. ಮಿಷಿಗನ್ ಬೆನ್ನಟ್ಟಿತು. ನಾಲ್ಕೂವರೆ ನಿಮಿಷ ಉಳಿದಿರುವಾಗ ಹಾರ್ಟ್ 54 ಗಜ ಓಡಿ 32–31ರ ಮುನ್ನಡೆ ತಂದುಕೊಟ್ಟ. ಆದರೆ ದ್ವಿತೀಯಾರ್ಧದಲ್ಲಿ ಎರಡು ಸಲ ಆ ಎರಡೆರಡು ಅಂಕಕ್ಕೆ ಕೈಹಾಕಿ ಮಿಷಿಗನ್ ಎರಡು ಸಲವೂ ಬರಿಗೈಯಾಗಿತ್ತು. ಒದ್ದು ಒಂದೊಂದು ಅಂಕ ತೆಗೆದುಕೊಂಡಿದ್ದರೆ ಸಾಕಿತ್ತು ಎಂದು ಅಲ್ಲಿನವರು ಈಗಲೂ ಕೈ ಹಿಸುಕಿಕೊಳ್ಳುತ್ತಾರೆ. 26 ಸೆಕೆಂಡು ಉಳಿದಾಗ ಅಪಲಾಚಿಯನ್ ಸ್ಟೇಟ್ ಫೀಲ್ಡ್ ಗೋಲ್ ಹೊಡೆದು 34–32 ಮಾಡಿತು. ಗಡಿಯಾರ ನಿಲ್ಲುವ ಕ್ಷಣ ಮಿಷಿಗನ್ ಒದ್ದ ಕೊನೆಯ ಚೆಂಡನ್ನು ಕೋರಿ ಲಿಂಚ್ ಮೈಯೊಡ್ಡಿ ತಡೆದ. ಲಕ್ಷ ಜನರ ಕ್ರೀಡಾಂಗಣ ಸದ್ದಿಲ್ಲದೆ ಕುಳಿತಿತ್ತು. ಅತ್ತ ಬೂನ್‌ನಲ್ಲಿ ವಿದ್ಯಾರ್ಥಿಗಳು ತಮ್ಮದೇ ಖಾಲಿ ಮೈದಾನಕ್ಕೆ ನುಗ್ಗಿ ಗೋಲಿನ ಕಂಬ ಕಿತ್ತು, ಕುಲಪತಿಗಳ ಮನೆಯ ಅಂಗಳಕ್ಕೆ ಹೊತ್ತು ತಂದರು!

ಲೆಕ್ಕ ಎಲ್ಲಿ ತಪ್ಪಿತು?

ಮಿಷಿಗನ್ ಅಭಿಮಾನಿಗಳು ಸುಳ್ಳು ಲೆಕ್ಕ ಹಾಕಿರಲಿಲ್ಲ, ಅರ್ಧ ಲೆಕ್ಕ ಹಾಕಿದ್ದರು. ದಾಳಿ ಮಾಡುವವರು ಉಳಿದದ್ದು ನಿಜ. ಆದರೆ ತಡೆಯುವವರಲ್ಲಿ ಲಮಾರ್ ವುಡ್ಲಿ, ಲಿಯಾನ್ ಹಾಲ್, ಡೇವಿಡ್ ಹ್ಯಾರಿಸ್, ಆಲನ್ ಬ್ರಾಂಚ್ ಆ ವರ್ಷವೇ ವೃತ್ತಿಪರ ತಂಡಗಳಿಗೆ ಹೋಗಿಬಿಟ್ಟಿದ್ದರು. ಹಿಂದಿನ ಋತುವಿನ ಕೊನೆಯ ಎರಡು ಪಂದ್ಯಗಳನ್ನು ಮಿಷಿಗನ್ ಸೋತಿತ್ತು, ಅದನ್ನೂ ಮರೆತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಎದುರಾಳಿಯ ದರ್ಜೆ ನೋಡಿದರೇ ಹೊರತು ಆಟ ನೋಡಲಿಲ್ಲ. ಅಪಲಾಚಿಯನ್ ಸ್ಟೇಟ್ ತನ್ನ ದರ್ಜೆಯಲ್ಲಿ 2005 ಮತ್ತು 2006ರ ಚಾಂಪಿಯನ್. ಕೋಚ್ ಜೆರ್ರಿ ಮೂರ್ ತಮ್ಮ ಹುಡುಗರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸಿ ವೇಗದಿಂದ ಆಡಿಸುತ್ತಿದ್ದರು. ದಢೂತಿ ಆಟಗಾರರು ಗುಂಪಿನಲ್ಲಿ ಬಲಶಾಲಿಗಳು. ಬಯಲಿನಲ್ಲಿ ಓಡುವವನನ್ನು ಹಿಡಿಯುವುದು ಬೇರೆ ಕೆಲಸ. ಆನೆಯನ್ನು ಕಟ್ಟಬಹುದು, ಇಲಿಯನ್ನು ಕಟ್ಟುವುದು ಹೇಗೆ?

ಈ ಸೋಲಿನಿಂದ ಮಿಷಿಗನ್ 5ನೇ ಸ್ಥಾನದಿಂದ ಜಾರಿ 25ರ ಪಟ್ಟಿಯಿಂದಲೇ ಹೊರಬಿತ್ತು. ಎರಡನೇ ದರ್ಜೆಯ ತಂಡಗಳಿಗೂ ಮತ ಹಾಕಬಹುದೆಂದು ಅಸೋಸಿಯೇಟೆಡ್ ಪ್ರೆಸ್ ತನ್ನ ನಿಯಮವನ್ನೇ ತಿದ್ದಿತು.

ಮೊದಲ ಪಂದ್ಯವೇ ಭವಿಷ್ಯವೇ?

ಕಥೆಯ ಮುಖ್ಯ ಭಾಗ ಇನ್ನು ಮುಂದಿದೆ. ಮುಂದಿನ ವಾರ ಆರೆಗಾನ್ ಕೈಯಲ್ಲೂ 39–7ರಿಂದ ಪೆಟ್ಟು ತಿಂದ ಅದೇ ಮಿಷಿಗನ್, ಆಮೇಲೆ ಸತತ ಎಂಟು ಪಂದ್ಯ ಗೆದ್ದಿತು. 2008ರ ಜನವರಿ 1ರಂದು ಫ್ಲಾರಿಡಾ ತಂಡವನ್ನು 41–35ರಿಂದ ಮಣಿಸಿ, 9 ಗೆಲುವು 4 ಸೋಲುಗಳೊಂದಿಗೆ ಋತು ಮುಗಿಸಿತು. ಕೋಚ್ ಲಾಯ್ಡ್ ಕಾರ್ ಆಟಗಾರರ ಹೆಗಲೇರಿ ಗೌರವದಿಂದ ನಿವೃತ್ತರಾದರು.

ಏಳು ವರ್ಷದ ಮೇಲೆ, 2014ರ ಆಗಸ್ಟ್ 30ರಂದು, ಇದೇ ಎರಡು ತಂಡ, ಇದೇ ಮೈದಾನ, ಮತ್ತೆ ಋತುವಿನ ಮೊದಲ ಪಂದ್ಯ. ಹಳೆಯ ಗಾಯ ಕೆರೆದುಕೊಂಡು ಅಭಿಮಾನಿಗಳು ಬೇಸಿಗೆಯಿಡೀ ವಾದಿಸಿದ್ದರು. ಈ ಸಲ ಮಿಷಿಗನ್ 52–14ರಿಂದ ಗೆದ್ದಿತು. ಸೇಡು ತೀರಿತು ಎಂದು ಸಂಭ್ರಮ. ಆದರೆ ಆ ವರ್ಷ ತಂಡ ಗೆದ್ದದ್ದು 5, ಸೋತದ್ದು 7. ಕೋಚ್ ಬ್ರೇಡಿ ಹೋಕ್ ಕೆಲಸ ಕಳೆದುಕೊಂಡರು.

ಈಚಿನ ಉದಾಹರಣೆ ಬೇಕೇ? 2025ರ ಆಗಸ್ಟ್ 30ರಂದು ಬಲಾಢ್ಯ ಅಲಬಾಮವನ್ನು ಫ್ಲಾರಿಡಾ ಸ್ಟೇಟ್ 31–17ರಿಂದ ಸೋಲಿಸಿತು. ಕೋಚನ್ನು ಕಳಿಸಿಬಿಡಿ ಎಂದು ಅಲಬಾಮದಲ್ಲಿ ಕೂಗೆದ್ದಿತು. ಋತು ಮುಗಿದಾಗ ಅಲಬಾಮ ಪ್ಲೇಆಫ್‌ನಲ್ಲಿತ್ತು. ಗೆದ್ದು ಕುಣಿದ ಫ್ಲಾರಿಡಾ ಸ್ಟೇಟ್ 5 ಗೆಲುವು 7 ಸೋಲಿನೊಂದಿಗೆ ಮನೆಯಲ್ಲಿತ್ತು.

ಅಂದರೆ ಮೊದಲ ಪಂದ್ಯ ಹೇಳುವುದು ಅಂದಿನ ಸತ್ಯವನ್ನು ಮಾತ್ರ. ಹತ್ತೊಂಬತ್ತು ಇಪ್ಪತ್ತರ ಹುಡುಗರು ಹನ್ನೆರಡು ವಾರಗಳಲ್ಲಿ ಕಲಿಯುತ್ತಾರೆ, ಬೆಳೆಯುತ್ತಾರೆ, ಕೆಲವರು ಕುಸಿಯುತ್ತಾರೆ. ಅದು ಯಾವ ಎಣಿಕೆಗೂ ಮೊದಲೇ ಸಿಗುವುದಿಲ್ಲ.

ರೇಡಿಯೋ ಮತ್ತು ವಾದದ ಮಿತಿ

ನಮ್ಮ ರೇಡಿಯೋ ಬಳಗಕ್ಕೆ ಹತ್ತಿರವಾದ ಒಂದು ಮಾತು. ಈ ವಾದಗಳ ದೊಡ್ಡ ಜಗಲಿ ರೇಡಿಯೋ. ಅಲಬಾಮದ ಬರ್ಮಿಂಗ್‌ಹ್ಯಾಮ್‌ನಿಂದ ಹೆಸರಾದ ಪಾಲ್ ಫೈನ್‌ಬಾಮ್ ಅವರ ಕಾರ್ಯಕ್ರಮಕ್ಕೆ ಅಭಿಮಾನಿಗಳು ಫೋನ್ ಮಾಡಿ ಅಳುತ್ತಾರೆ, ಬೈಯುತ್ತಾರೆ, ಭವಿಷ್ಯ ನುಡಿಯುತ್ತಾರೆ. 2011ರ ಜನವರಿಯಲ್ಲಿ ಅಲಬಾಮದ ಅಭಿಮಾನಿಯೊಬ್ಬ ಇದೇ ಕಾರ್ಯಕ್ರಮಕ್ಕೆ ಫೋನ್ ಮಾಡಿ, ಎದುರಾಳಿ ಆಬರ್ನ್ ಕಾಲೇಜಿನವರು ಗೆದ್ದಾಗಲೆಲ್ಲ ಸುತ್ತ ಸೇರಿ ಸಂಭ್ರಮಿಸುತ್ತಿದ್ದ ಹಳೆಯ ಓಕ್ ಮರಗಳಿಗೆ ತಾನೇ ವಿಷ ಹಾಕಿದೆನೆಂದು ಹೇಳಿಕೊಂಡ. ಮಾತು ನಿಜವಾಗಿತ್ತು. ಅವನು ಜೈಲಿಗೆ ಹೋದ, ಮರಗಳನ್ನು 2013ರಲ್ಲಿ ಕಡಿದು ತೆಗೆಯಬೇಕಾಯಿತು. ತಂಡದ ಸೋಲು ಮುಂದಿನ ಶನಿವಾರ ತೀರಿಹೋಗುತ್ತದೆ. ಅಷ್ಟು ಹಳೆಯ ಮರ ಹಾಗಲ್ಲ.

ಈ ಸಲ ಫೋನ್ ಬಂದಾಗ

ಹಾಗಾಗಿ ಅಕ್ಕನ ಮಗ ಈ ಸಲ ಶುರು ಮಾಡಿದಾಗ ನೀವೂ ಕೇಳಿ: "ತಡೆಯುವವರಲ್ಲಿ ಎಷ್ಟು ಜನ ಉಳಿದಿದ್ದಾರೋ? ಮುಂದಿನ ಸಾಲು ಹೇಗಿದೆ? ಎದುರಾಳಿ ಸಣ್ಣವನೇ ಇರಲಿ, ಅವನು ಆಡೋ ರೀತಿ ನೋಡಿದ್ದೀಯಾ?" ಒಂದು ಕ್ಷಣ ಆ ಕಡೆ ಮಾತು ನಿಲ್ಲುತ್ತದೆ, ಆಮೇಲೆ ಮಾಮನ ಮೇಲೆ ಗೌರವ ಹೆಚ್ಚುತ್ತದೆ. ಅಲ್ಲಿನ ಪೂರ್ವ ಭಾಗದಲ್ಲಿ ಮಧ್ಯಾಹ್ನ 12ಕ್ಕೆ ಶುರುವಾಗುವ ಆಟ ನಮಗೆ ಶನಿವಾರ ರಾತ್ರಿ ಒಂಬತ್ತೂವರೆಗೆ. ಊಟ ಮುಗಿಸಿ ನೀವೂ ಒಂದಿಷ್ಟು ಹೊತ್ತು ನೋಡಬಹುದು.

ಅವನ ತಂಡ ಸೋತರೆ ಭಾನುವಾರ ಬೆಳಿಗ್ಗೆ ನೀವೇ ಫೋನ್ ಮಾಡಿ. ಸೋಲಿನ ವಿಷಯ ಎತ್ತಬೇಡಿ. 2007ರಲ್ಲಿ ಮಿಷಿಗನ್ ಆಮೇಲೆ ಎಷ್ಟು ಪಂದ್ಯ ಗೆದ್ದಿತು ಗೊತ್ತಾ ಎಂದಷ್ಟೇ ಕೇಳಿ. ಮನೆಯಿಂದ ಅಷ್ಟು ದೂರ ಇರುವ ಹುಡುಗನಿಗೆ ಅಂದು ಅಷ್ಟು ಸಾಕು.