ದೂರದ ಕಿವಿಗೆ ನಮ್ಮ ದನಿ: ರೇಡಿಯೋದವರಿಂದ ಕಲಿಯಬೇಕಾದ ಎರಡು ಪಾಠ



ಬೇಸಿಗೆಯ ಗಡಿಯಾರದಂತೆ ಕಮ್ಮಿಂಗ್‌ನಲ್ಲಿ ಶನಿವಾರ ಬೆಳಿಗ್ಗೆ ಹನ್ನೊಂದಾದರೆ ಕರ್ನಾಟಕದಲ್ಲಿ ರಾತ್ರಿ ಎಂಟೂವರೆ. ಇಲ್ಲಿ ಮಕ್ಕಳು ವೇದಿಕೆ ಏರುವ ಹೊತ್ತಿಗೆ ಅಲ್ಲಿ ಅಜ್ಜ ಅಜ್ಜಿಯರು ಫೋನಿನ ಮುಂದೆ ಕುಳಿತಿರುತ್ತಾರೆ. ವರ್ಷವಿಡೀ ಕಲಿತ ಪದ್ಯವನ್ನು ಮಗು ತಪ್ಪಿಲ್ಲದೆ ಹೇಳುತ್ತದೆ, ಸಭಾಂಗಣದಲ್ಲಿ ಚಪ್ಪಾಳೆ ಬೀಳುತ್ತದೆ. ಆದರೆ ಆ ಕಡೆಯಿಂದ ಬರುವ ಮಾತು ಹಲವು ಮನೆಗಳಿಗೆ ಪರಿಚಿತ: "ಮಗು ಚೆನ್ನಾಗಿ ಕಾಣಿಸಿತು, ಮಾತು ಮಾತ್ರ ಕರಕರ ಅಂತು ಕಣಮ್ಮಾ."

ಇಂಥ ಹೊತ್ತಿನಲ್ಲಿ ನಾವು ಬೈಯುವುದು ಇಂಟರ್ನೆಟ್ಟನ್ನು. ಅನೇಕ ಸಲ ದೋಷವಿರುವುದು ವೇದಿಕೆಯ ಪಕ್ಕದ ಒಂದು ಗಿಡ್ಡ ತಂತಿಯಲ್ಲಿ. ಭಾಷೆ ಕಲಿಸುವವಳಿಗೆ ತಂತಿಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಸಕಾರ ಶಕಾರಗಳ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಕೇಳುವವರ ಕಿವಿಯವರೆಗೆ ಉಳಿಯಬೇಕಾದರೆ ತಂತಿಯ ಲೆಕ್ಕವೂ ಸರಿಯಾಗಿರಬೇಕು. ಆ ಲೆಕ್ಕವನ್ನು ರೇಡಿಯೋದವರು ಎಂದೋ ಮಾಡಿ ಇಟ್ಟಿದ್ದಾರೆ.

ಮೆರವಣಿಗೆಯಿಂದ ಮನೆಯವರೆಗೆ

ನಮ್ಮ ಅಟ್ಲಾಂಟಾದಲ್ಲಿ ಡಬ್ಲ್ಯೂ.ಎಸ್.ಬಿ. ರೇಡಿಯೋ ಕೇಂದ್ರ ಆರಂಭವಾದದ್ದು 1922ರಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರಿಟ್ಟರು. ಮುಂದೆ ಆಲ್ ಇಂಡಿಯಾ ರೇಡಿಯೋ ಕೂಡ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು.

ಸ್ಟುಡಿಯೋದ ಒಳಗಿನ ದನಿಯನ್ನು ಕಳಿಸುವುದು ಅಷ್ಟು ಕಷ್ಟವಲ್ಲ. ಕಷ್ಟವಿರುವುದು ಹೊರಾಂಗಣ ಪ್ರಸಾರದಲ್ಲಿ. ದಸರಾ ಮೆರವಣಿಗೆಯ ವೀಕ್ಷಕ ವಿವರಣೆಯನ್ನೇ ನೆನೆಯಿರಿ. ವಿವರಣೆಕಾರರು ಇರುವುದು ರಸ್ತೆಯ ಬದಿಯಲ್ಲಿ, ಪ್ರಸಾರದ ಯಂತ್ರ ಇರುವುದು ಇನ್ನೆಲ್ಲೋ. ಹಿಂದೆ ಇವೆರಡರ ನಡುವಿನ ಸೇತುವೆ ಟೆಲಿಫೋನ್ ತಂತಿ. ಮೈಕು, ಸಣ್ಣ ಆಂಪ್ಲಿಫೈಯರು, ಟೆಲಿಫೋನ್ ತಂತಿ, ಕೇಂದ್ರ ಹೀಗೆ ಕೈಯಿಂದ ಕೈಗೆ ದನಿ ಸಾಗಬೇಕಿತ್ತು. ಪ್ರತಿ ಕೈಯಲ್ಲೂ ಎರಡು ಪ್ರಶ್ನೆ: ಎಷ್ಟು ಕೊಡಬೇಕು? ಪಡೆಯುವವನು ಎಷ್ಟು ಎಳೆದುಕೊಳ್ಳಬೇಕು? ಮೊದಲನೆಯದು ಮಟ್ಟದ ಪ್ರಶ್ನೆ, ಎರಡನೆಯದು ಇಂಪೀಡೆನ್ಸ್ ಪ್ರಶ್ನೆ.

ಮೊದಲ ಪಾಠ: ಮಟ್ಟ

ನಾವು ಮಾತಾಡಿದಾಗ ಸಾಧಾರಣ ಮೈಕು ಕೊಡುವ ವಿದ್ಯುತ್ತು ಒಂದೆರಡು ಮಿಲಿವೋಲ್ಟ್ ಮಾತ್ರ. ಇದು ಮೈಕ್ ಮಟ್ಟ. ವೃತ್ತಿಪರ ಮಿಕ್ಸರು ಹೊರಗೆ ಕೊಡುವುದು ಸುಮಾರು 1.23 ವೋಲ್ಟ್. ಇದು ಲೈನ್ ಮಟ್ಟ. ಮನೆಬಳಕೆಯ ಪ್ಲೇಯರುಗಳ ಲೈನ್ ಮಟ್ಟ ಸುಮಾರು 0.316 ವೋಲ್ಟ್. ವೃತ್ತಿಪರ ಲೈನ್ ಮಟ್ಟಕ್ಕೂ ಮೈಕ್ ಮಟ್ಟಕ್ಕೂ ಹೆಚ್ಚುಕಡಿಮೆ ಸಾವಿರ ಪಟ್ಟು ವ್ಯತ್ಯಾಸ. ವೋಲ್ಟೇಜಿನಲ್ಲಿ ಪ್ರತಿ ಹತ್ತು ಪಟ್ಟಿಗೆ 20 ಡೆಸಿಬೆಲ್ ಎಂದು ಲೆಕ್ಕ, ಆದ್ದರಿಂದ ಸಾವಿರ ಪಟ್ಟು ಎಂದರೆ 60 ಡೆಸಿಬೆಲ್.

ಈಗ ಮಿಕ್ಸರಿನ ಲೈನ್ ದನಿಯನ್ನು ವಿಡಿಯೋ ಕ್ಯಾಮೆರಾದ ಅಥವಾ ಫೋನಿನ ಮೈಕ್ ತೂತಿಗೆ ನೇರವಾಗಿ ಚುಚ್ಚಿದರೆ ಏನಾಗುತ್ತದೆ? ಹಾಲು ಕುಡಿಸುವ ಒಳಲೆಗೆ ಕೊಡಪಾನ ಬಗ್ಗಿಸಿದಂತಾಗುತ್ತದೆ. ದನಿಯ ಅಲೆಗಳ ತಲೆ ಕತ್ತರಿಸಿಹೋಗುತ್ತದೆ. ಕೇಳಿಬರುವ ಕರಕರ ಅದೇ. ಆಮೇಲೆ ಸದ್ದು ತಗ್ಗಿಸಿದರೂ ಕತ್ತರಿಸಿದ ತಲೆ ಮತ್ತೆ ಬರುವುದಿಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಅದಕ್ಕಾಗಿ ನಡುವೆ ಹಾಕುವ ಪುಟ್ಟ ಸಾಧನದ ಹೆಸರು ಪ್ಯಾಡ್. 40 ಡೆಸಿಬೆಲ್ ಪ್ಯಾಡ್ ವೋಲ್ಟೇಜನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ತದ್ವಿರುದ್ಧವಾಗಿ ಮೈಕನ್ನು ಲೈನ್ ತೂತಿಗೆ ಹಾಕಿದರೆ ದನಿ ಪಿಸುಮಾತಾಗುತ್ತದೆ. ಅದನ್ನು ಎತ್ತಲು ಹೋದರೆ 'ಸುಸ್' ಎಂಬ ಸದ್ದೂ ಜೊತೆಗೇ ಏಳುತ್ತದೆ.

ಎರಡನೆಯ ಪಾಠ: ಇಂಪೀಡೆನ್ಸ್

ಇಂಪೀಡೆನ್ಸ್ ಎಂದರೆ ಸರಳವಾಗಿ, ಬದಲಾಗುತ್ತಿರುವ ವಿದ್ಯುತ್ತಿಗೆ ಒಡ್ಡುವ ತಡೆ. ಅಳತೆ ಓಮ್‌ಗಳಲ್ಲಿ. ಕೊಡುವ ಉಪಕರಣಕ್ಕೂ ಒಂದು ತಡೆ ಇದೆ, ಪಡೆಯುವ ಉಪಕರಣಕ್ಕೂ ಒಂದಿದೆ. ಇವೆರಡೂ ವೋಲ್ಟೇಜನ್ನು ಹಂಚಿಕೊಳ್ಳುತ್ತವೆ. 200 ಓಮ್‌ನ ಮೈಕನ್ನು 200 ಓಮ್‌ನ ಉಪಕರಣಕ್ಕೆ ಜೋಡಿಸಿದರೆ ಅರ್ಧ ವೋಲ್ಟೇಜು, ಅಂದರೆ 6 ಡೆಸಿಬೆಲ್, ಅಲ್ಲಿಯೇ ಹೋಯಿತು. ಅದೇ ಮೈಕನ್ನು 2,000 ಓಮ್‌ಗೆ ಜೋಡಿಸಿದರೆ ಶೇಕಡಾ 91ರಷ್ಟು ದಾಟಿಬರುತ್ತದೆ. ಹಾಗಾಗಿ ಇಂದಿನ ನಿಯಮ: ಪಡೆಯುವವನ ತಡೆ ಕೊಡುವವನ ತಡೆಯ ಹತ್ತು ಪಟ್ಟಾದರೂ ಇರಲಿ. ಅತಿಥಿ ಕಡಿಮೆ ಬೇಡಿದಷ್ಟೂ ಮನೆಯವರಿಗೆ ನೆಮ್ಮದಿ.

ಹಾಗಾದರೆ ಹಳೆಯ ರೇಡಿಯೋ ಪುಸ್ತಕಗಳಲ್ಲಿ '600 ಓಮ್‌ಗೆ 600 ಓಮ್' ಎಂದು ಸಮಸಮ ಮಾಡಲು ಹೇಳಿರುವುದೇಕೆ? ಅದು ಮೈಲಿಗಟ್ಟಲೆ ಉದ್ದದ ಟೆಲಿಫೋನ್ ತಂತಿಯ ಕಾಲದ ನಿಯಮ. ತುಂಬ ಉದ್ದದ ತಂತಿಯ ಕೊನೆಯಲ್ಲಿ ತಡೆ ಸಮವಾಗಿರದಿದ್ದರೆ ಬಾವಿಯಲ್ಲಿ ಕೂಗಿದಂತೆ ದನಿ ತಿರುಗಿ ಬರುತ್ತದೆ. ನಮ್ಮ ಕಿವಿಗೆ ಕೇಳುವ ಅತಿ ಕೀಚಲು ಸ್ವರ, ಅಂದರೆ 20,000 ಹರ್ಟ್ಸ್, ತಂತಿಯಲ್ಲಿ ಸುಮಾರು 10 ಕಿಲೋಮೀಟರ್ ಉದ್ದದ ಅಲೆಯಾಗಿ ಸಾಗುತ್ತದೆ. ಸಭಾಂಗಣದ 50 ಅಡಿ ತಂತಿಗೆ ಈ ಭಯವಿಲ್ಲ. ವಾಕಿಟಾಕಿಯ ಆಂಟೆನಾದಲ್ಲಿ ಅಲೆ ಗಿಡ್ಡ, ಆದ್ದರಿಂದ ಅಲ್ಲಿ ಇಂದಿಗೂ 50 ಓಮ್‌ಗೆ 50 ಓಮ್ ಸಮವಿರಬೇಕು.

ಇನ್ನು ಅಕ್ಷರಗಳ ಮಾತಿಗೆ ಬರೋಣ. ಕೊಡುವವನ ತಡೆಯೇ ಹೆಚ್ಚಿದ್ದು ತಂತಿಯೂ ಉದ್ದವಾದರೆ, ತಂತಿ ಕೀಚಲು ಸ್ವರಗಳನ್ನು ನುಂಗುತ್ತದೆ. 50,000 ಓಮ್‌ನ ಹಳೆಯ ಮಾದರಿಯ ಮೈಕಿಗೆ 20 ಮೀಟರ್ ಸಾಮಾನ್ಯ ತಂತಿ ಹಾಕಿದರೆ ಸುಮಾರು 1,600 ಹರ್ಟ್ಸ್‌ನಿಂದಲೇ ದನಿ ಇಳಿಯತೊಡಗುತ್ತದೆ. ಸಕಾರದ ಬಲವೆಲ್ಲ ಇರುವುದು 4,000 ಹರ್ಟ್ಸ್‌ಗಿಂತ ಮೇಲೆ. ಆಗ 'ಸರಸ್ವತಿ'ಯ ಎರಡೂ ಸಕಾರಗಳು ಮಂಕಾಗುತ್ತವೆ. 200 ಓಮ್‌ನ ಮೈಕಿಗೆ ಅದೇ ತಂತಿ ಏನೂ ಮಾಡದು. ವೀಣೆಗೆ ಅಂಟಿಸುವ ಪೀಜೋ ಪಿಕಪ್ಪಿನ ಕಥೆ ಬೇರೆ. ಅದಕ್ಕೆ ಹತ್ತು ಲಕ್ಷ ಓಮ್‌ನಷ್ಟು ತಡೆಯುಳ್ಳ ಉಪಕರಣ ಬೇಕು. ಮೈಕ್ ತೂತಿಗೇ ಚುಚ್ಚಿದರೆ ಮಂದ್ರಸ್ಥಾಯಿ ಸೊರಗಿ ವೀಣೆ ತಗಡಿನಂತೆ ಕೇಳುತ್ತದೆ.

ಮುಂದಿನ ಕಾರ್ಯಕ್ರಮಕ್ಕೆ

* ಮಿಕ್ಸರಿನಿಂದ ಕ್ಯಾಮೆರಾಕ್ಕೆ ತಂತಿ ಎಳೆಯುವ ಮುನ್ನ, ಆ ತೂತು ಮೈಕಿನದೋ ಲೈನಿನದೋ ನೋಡಿ. ಮೈಕಿನದಾದರೆ ಪ್ಯಾಡ್ ಹಾಕಿ.
* ರೇಡಿಯೋದವರು ಮೊದಲು 1,000 ಹರ್ಟ್ಸ್‌ನ ಒಂದೇ ಸ್ವರ ಕಳಿಸಿ ಎರಡೂ ಕಡೆಯ ಮೀಟರು ಹೊಂದಿಸಿಕೊಳ್ಳುತ್ತಾರೆ. ನೀವೂ ಹಾಗೆಯೇ ಮಾಡಿ. ಡಿಜಿಟಲ್ ಮೀಟರಿನಲ್ಲಿ ಆ ಸ್ವರ -20ರ ಬಳಿ ನಿಂತರೆ ಸಾಕು. ಸೊನ್ನೆ ಮುಟ್ಟಿದರೆ ದನಿ ಕತ್ತರಿಸಿತೆಂದೇ ಅರ್ಥ.
* 'ಗುಂಯ್' ಎಂಬ ಸದ್ದು ಬಂದರೆ ಅದು ವಿದ್ಯುತ್ ಸರಬರಾಜಿನದು. ಇಲ್ಲಿ 60 ಹರ್ಟ್ಸ್, ಊರಿನಲ್ಲಿ 50. ನಡುವೆ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.
* ಮೈಕು ಬಾಯಿಯ ನೇರಕ್ಕೆ ಬೇಡ, ತುಸು ಪಕ್ಕಕ್ಕಿರಲಿ. ಮಹಾಪ್ರಾಣದ ಉಸಿರು ಮೈಕಿಗೆ ಬಡಿದು 'ಧಪ್' ಎನ್ನುವುದು ತಪ್ಪುತ್ತದೆ.
* ಪರೀಕ್ಷೆಗೆ 'ಹಲೋ, ಹಲೋ' ಸಾಲದು. ಕಾರ್ಯಕ್ರಮದ ಅತಿ ಮೆಲುದನಿಯ ಮಗುವಿನಿಂದಲೂ ಅತಿ ಜೋರಿನ ಮಗುವಿನಿಂದಲೂ ಒಂದೊಂದು ಸಾಲು ಹೇಳಿಸಿ, ಆ ಕಡೆ ಕುಳಿತವರನ್ನೇ ಕೇಳಿ.

ಇದಕ್ಕೆಲ್ಲ ಹಿಡಿಯುವುದು ಹದಿನೈದು ನಿಮಿಷ. ಪದ್ಯ ಕಲಿಯಲು ಮಗು ತಿಂಗಳುಗಟ್ಟಲೆ ಶ್ರಮಪಟ್ಟಿರುತ್ತದೆ. ಆ ಶ್ರಮ ಅಜ್ಜಿಯ ಕಿವಿಗೆ ಅಕ್ಷರ ಅಕ್ಷರವಾಗಿ ತಲುಪಲಿ.