ವಿಕಿರಣಶೀಲ ವಸ್ತುಗಳ ಅಪಾಯವೂ ಎಚ್ಚರಿಕೆಯ ಕ್ರಮಗಳೂ

ವಿಕಿರಣಶೀಲ ವಸ್ತುಗಳಿಂದ ಕೃಷಿಗೆ ಪ್ರಯೋಜನವೂ ಉಂಟು. ಮಹಾರಾಷ್ಟ್ರದ ಲಾಸಲಗಾಂವಿನ ಕೇಂದ್ರದಲ್ಲಿ ಕೋಬಾಲ್ಟ್-60ರ ಕಿರಣಗಳನ್ನು ಹಾಯಿಸಿ, ನೀರುಳ್ಳಿಯು ಮೊಳೆಯದಂತೆ ಮಾಡುವರು. ಕಿರಣವು ಹಾದುಹೋಗುವುದೇ ಹೊರತು ನೀರುಳ್ಳಿಯಲ್ಲಿ ನಿಲ್ಲುವುದಿಲ್ಲ. ಆದುದರಿಂದ ತಿನ್ನುವವರಿಗೆ ಬಾಧೆಯಿಲ್ಲ. ಆದರೆ ಕಿರಣವನ್ನು ಸೂಸುವ ಮೂಲವಸ್ತುವೇ ಅರಿಯದವರ ಕೈಗೆ ಸಿಕ್ಕಿದಲ್ಲಿ ಪ್ರಾಣಾಪಾಯವು ಸಂಭವಿಸುವುದು.

ಬ್ರೆಜಿಲ್ ದೇಶದ ಗೊಯಾನಿಯಾ ನಗರದಲ್ಲಿ 1987ನೆಯ ಇಸವಿಯಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ. ಪಾಳುಬಿದ್ದ ಚಿಕಿತ್ಸಾಲಯವೊಂದರಲ್ಲಿ ಉಳಿದಿದ್ದ ಯಂತ್ರದ ಭಾಗವನ್ನು ಇಬ್ಬರು ಕಳಚಿ ಗುಜರಿ ವ್ಯಾಪಾರಿಗೆ ಮಾರಿದರು. ಅದರೊಳಗೆ ಸೀಸಿಯಂ-137 ಇದ್ದಿತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಆ ಪುಡಿಯನ್ನು ಕೌತುಕದಿಂದ ನೆಂಟರಿಷ್ಟರಿಗೆ ಹಂಚಲಾಯಿತು. ಆರು ವರ್ಷದ ಬಾಲಕಿಯೊಬ್ಬಳು ಪುಡಿ ಮೆತ್ತಿದ ಕೈಯಿಂದಲೇ ಆಹಾರವನ್ನು ತಿಂದಳು. ಹಲವರಿಗೆ ವಾಂತಿ, ಭೇದಿ, ಚರ್ಮದ ಹುಣ್ಣುಗಳು ತಲೆದೋರಿದುವು. ಸುಮಾರು ಹದಿನೈದು ದಿನಗಳ ಮೇಲೆ ಕಾರಣವು ತಿಳಿಯುವ ವೇಳೆಗೆ 249 ಜನರಿಗೆ ಆ ಪುಡಿಯು ಅಂಟಿತ್ತು. ಬಾಲಕಿಯೂ ಸೇರಿ ನಾಲ್ವರು ಮೃತರಾದರು. ಹಲವು ಮನೆಗಳನ್ನು ಕೆಡವಿ, ಮೇಲ್ಮಣ್ಣನ್ನು ಅಗೆದು ಸಾಗಿಸಬೇಕಾಯಿತು. ಏಕೆಂದರೆ ಆ ಪುಡಿಯು ನೀರಿನಲ್ಲಿ ಕರಗುವುದು. ಪೊಟ್ಯಾಷಿನಂತೆ ಬೇರಿನ ಮೂಲಕ ಪೈರಿಗೂ ಸೇರಬಲ್ಲುದು. ಅದರ ಶಕ್ತಿಯು ಅರ್ಧಕ್ಕಿಳಿಯಲು 30 ವರ್ಷಗಳು ಬೇಕು.

ನಮ್ಮ ದೇಶದಲ್ಲಿಯೂ 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಉಪಕರಣವನ್ನು ಬಿಚ್ಚಿದುದರಿಂದ ಒಬ್ಬನು ಮರಣಹೊಂದಿದನು.

ಈ ಕಿರಣಗಳು ಕಣ್ಣಿಗೆ ಕಾಣವು, ಅವಕ್ಕೆ ವಾಸನೆಯಿಲ್ಲ, ಮೈಗೆ ತಾಕಿದುದೂ ಕೂಡಲೇ ತಿಳಿಯದು. ಆದಕಾರಣ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು.

1. ಹಳದಿ ನೆಲೆಯ ಮೇಲೆ ಮೂರು ರೆಕ್ಕೆಯ ಚಿಹ್ನೆಯುಳ್ಳ, ಅಥವಾ ಗಾತ್ರಕ್ಕೆ ಮೀರಿದ ಭಾರವುಳ್ಳ ಅಪರಿಚಿತ ಲೋಹದ ಪೆಟ್ಟಿಗೆಯು ಸಿಕ್ಕಿದರೆ ಅದನ್ನು ಬಿಚ್ಚಕೂಡದು, ಬಡಿಯಕೂಡದು, ಕರಗಿಸಕೂಡದು. ಹಳೆಯ ಸಾಮಾನಿನಲ್ಲಿ ಚಿಹ್ನೆಯು ಅಳಿಸಿಹೋಗಿರಬಹುದು.

2. ಕೂಡಲೇ ದೂರ ಸರಿಯಬೇಕು. ದೂರವು ಎರಡರಷ್ಟಾದರೆ ತಾಕುವ ಕಿರಣವು ಕಾಲುಭಾಗಕ್ಕೆ ಇಳಿಯುವುದು. ಮಕ್ಕಳನ್ನೂ ದನಕರುಗಳನ್ನೂ ಹತ್ತಿರ ಬಿಡದೆ, ಪೊಲೀಸು ಠಾಣೆಗೆ ತಿಳಿಸಬೇಕು.

3. ಮುಟ್ಟಿದವರು ಉಟ್ಟ ಬಟ್ಟೆಗಳನ್ನು ಕಳಚಿ, ಚೀಲದಲ್ಲಿ ಕಟ್ಟಿ ಬೇರೆಯಾಗಿ ಇಡಬೇಕು. ಸಾಬೂನಿನಿಂದ ಮೈ ತೊಳೆಯುವವರೆಗೆ ಏನನ್ನೂ ತಿನ್ನಕೂಡದು. ಬಳಿಕ ಆಸ್ಪತ್ರೆಗೆ ಹೋಗಿ, ನಡೆದುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಬೇಕು.

ಗುಜರಿಯ ನಾಲ್ಕು ಕಾಸಿನ ಆಸೆಗೆ ಪ್ರಾಣವನ್ನೂ ಹೊಲವನ್ನೂ ಒಡ್ಡುವುದು ಯಾರಿಗೂ ತರವಲ್ಲ.